ಡಬ್ಲಿನ್‌ ಸೇರಿದ ಗೊರವಂಕ

ಕಳೆದ ಮಳೆಗಾಲ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ನಾವು ನಾಲ್ವರು ಗೆಳೆಯರು ಆನ್‌ಲೈನ್‌ ಕ್ಲಾಸು ನೋಡಿ ಹಕ್ಕಿ ಬಿಡಿಸಲು ಕಲಿತೆವು. ಪಾಠ ಸರಳವಾಗಿತ್ತು. ಮೊದಲು ಹಕ್ಕಿ ಕೂತ ಓರೆಗೆ ಒಂದು ಗೆರೆ. ಅದರ ಮೇಲೆ ಮೈಗೊಂದು ತತ್ತಿಯಾಕಾರ, ತಲೆಗೊಂದು ಸಣ್ಣದು. ಆಮೇಲೆ ಕೊಕ್ಕು, ಬಾಲ. ಪುಕ್ಕ ಕಟ್ಟಕಡೆಗೆ. ನಾವು ಪುಕ್ಕದಿಂದಲೇ ಶುರು ಮಾಡಿದೆವು, ಗೊರವಂಕ ಹೋಗಿ ಕೋಳಿಯಾಯಿತು.

ಕ್ಲಾಸಿನಲ್ಲಿ ಬಂದವೆಲ್ಲ ಅಮೆರಿಕದ ಹಕ್ಕಿಗಳು. ನಮ್ಮ ಕಡೆ ಯಾರೂ ಹಕ್ಕಿ ಬಿಡಿಸಿಲ್ಲವೇ ಎಂದು ಅದೇ ಮೊಬೈಲಿನಲ್ಲಿ ಹುಡುಕಿದೆವು. ಸಿಕ್ಕಿದ್ದು ನಮ್ಮ ಜಿಲ್ಲಾ ಕೇಂದ್ರದ್ದೇ ಚಿತ್ರ.

ಎರಡನೇ ಇಬ್ರಾಹಿಂ ಆದಿಲ್‌ ಶಾಹ ವಿಜಯಪುರವನ್ನು ಆಳಿದ್ದು 1580ರಿಂದ 1627ರವರೆಗೆ. ಸಂಗೀತದ ಹುಚ್ಚಿನಷ್ಟೇ ಚಿತ್ರದ ಹುಚ್ಚೂ ಇದ್ದ ಸುಲ್ತಾನ. ಅವನ ಕಾಲದಲ್ಲಿ, ಸುಮಾರು 1603-04ರಲ್ಲಿ, ಯಾರೋ ಒಬ್ಬರು ಒಬ್ಬ ಯೋಗಿನಿಯನ್ನು ಬಿಡಿಸಿದರು. ಮೈತುಂಬ ಒಡವೆ, ಅಕ್ಕಪಕ್ಕ ಆಳೆತ್ತರದ ಹೂಗಿಡ, ದೂರದಲ್ಲಿ ಅರಮನೆ. ಮುಖದ ಹತ್ತಿರಕ್ಕೆ ಎತ್ತಿದ ಕೈಯ ಮೇಲೆ ಒಂದು ಗೊರವಂಕ. ಇಬ್ಬರೂ ಏನೋ ಮಾತಾಡುತ್ತಿದ್ದಾರೆ ಅನಿಸುತ್ತದೆ. ಹೂಗಳು ಕನಸಿನವು, ಹಕ್ಕಿ ಮಾತ್ರ ನಮ್ಮ ಹೊಲದ್ದು.

ಉತ್ತರದಲ್ಲೂ ಇದೇ ಕಾಲಕ್ಕೆ ಹಕ್ಕಿಗಳು ಹಾಳೆಗೆ ಇಳಿಯುತ್ತಿದ್ದವು. 1612ರಲ್ಲಿ ಗೋವಾದಿಂದ ಬಂದ ಟರ್ಕಿ ಕೋಳಿ ಕಂಡು ಬೆರಗಾದ ಜಹಾಂಗೀರ, ಅದನ್ನು ಬರೆದಿಟ್ಟಿದ್ದಷ್ಟೇ ಅಲ್ಲ, ಬಿಡಿಸಲೂ ಹೇಳಿದ. ಓದಿದವರಿಗಿಂತ ನೋಡಿದವರಿಗೆ ಹೆಚ್ಚು ಅಚ್ಚರಿಯಾಗಲಿ ಎಂಬುದು ಅವನ ಲೆಕ್ಕ. (ಚಿತ್ರ ಯಾಕೆ ಎಂದು ಮನೆಯಲ್ಲಿ ಕೇಳಿದವರಿಗೆ ಈಗ ಇದನ್ನೇ ಹೇಳುತ್ತೇವೆ.) ಆ ದರ್ಬಾರಿನ ಉಸ್ತಾದ್‌ ಮನ್ಸೂರನ ಹೆಸರು ಉಳಿಯಿತು.

ನಮ್ಮ ಗೊರವಂಕ ಬಿಡಿಸಿದವರ ಹೆಸರು ಉಳಿಯಲಿಲ್ಲ. 1686ರಲ್ಲಿ ಔರಂಗಜೇಬನಿಗೆ ವಿಜಯಪುರ ಸೋತಿತು. ದರ್ಬಾರು ಹೋಯಿತು, ಚಿತ್ರಗಳು ಕೈಯಿಂದ ಕೈಗೆ ದಾಟಿದವು. ಯೋಗಿನಿ ಈಗ ಐರ್ಲೆಂಡಿನ ಡಬ್ಲಿನ್ನಿನಲ್ಲಿ, ಚೆಸ್ಟರ್‌ ಬೀಟಿ ಸಂಗ್ರಹದಲ್ಲಿದ್ದಾಳೆ. ಹೆಸರಿಲ್ಲದ ಆ ಕಲಾವಿದನನ್ನು ಗುರುತಿಸಲು ಇತಿಹಾಸಕಾರ ಮಾರ್ಕ್‌ ಜೆಬ್ರೋವ್‌ಸ್ಕಿ ಒಂದು ಹೆಸರು ಕೊಟ್ಟರು: ‘ಡಬ್ಲಿನ್‌ ಚಿತ್ರಕಾರ’. ವಿಜಯಪುರದಲ್ಲಿ ಕೂತು ಬಿಡಿಸಿದವನಿಗೆ, ಚಿತ್ರ ಹೋಗಿ ಸೇರಿದ ಊರಿನ ಹೆಸರು! ಅವರ ತಪ್ಪೇನಿಲ್ಲ, ಹಿಡಿದುಕೊಳ್ಳಲು ಬೇರೆ ಗುರುತು ಇರಲಿಲ್ಲ. ಆದರೂ ಓದಿದಾಗ ನಮಗೆ ಚುರುಕ್ಕೆಂದಿತು.

ಆ ಗೊರವಂಕದ ಮೇಲೆ ಮನಸ್ಸಿನಲ್ಲೇ ನಮ್ಮ ಕ್ಲಾಸಿನ ಗೆರೆ ಎಳೆದು ನೋಡಿದೆವು. ಆಮೇಲೆ ಇಂಡಿಯ ಲಿಂಬೆ ತೋಟಕ್ಕೆ ಹೋಗಿ, ಎಮ್ಮೆ ಬೆನ್ನ ಮೇಲಿನ ಗೊರವಂಕವನ್ನು ಒಂದು ತಾಸು ದಿಟ್ಟಿಸಿದೆವು. ಅದು ನೆಟ್ಟಗೆ ನಿಲ್ಲುವುದಿಲ್ಲ, ಎದೆ ಮುಂದೆ ಮಾಡಿ ತುಸು ಬಾಗಿರುತ್ತದೆ. ಇಷ್ಟು ವರ್ಷ ದಿನಾ ಕಂಡರೂ ನಾವು ಅದನ್ನು ಗಮನಿಸಿರಲಿಲ್ಲ.

ಚಳಿಗಾಲಕ್ಕೆ ಆಲಮಟ್ಟಿ ಹಿನ್ನೀರಿಗೆ ರಾಜಹಂಸಗಳು ಬಂದಾಗ ಪೆನ್ಸಿಲ್‌ ಹಿಡಿದು ಹೋಗುವವರಿದ್ದೇವೆ. ಹಾಳೆಯ ಮೂಲೆಯಲ್ಲಿ ಹೆಸರು, ಊರು, ತಾರೀಖು ಬರೆಯಲೇಬೇಕೆಂದು ಮಾತಾಗಿದೆ.