ರೇಡಿಯಾಲಜಿ ಸೀಟಿನ ಲೆಕ್ಕಾಚಾರ: ಅಮೆರಿಕದ ಮ್ಯಾಚ್ ನಡೆದುಬಂದ ದಾರಿ

ಅಮೆರಿಕದ ವೈದ್ಯ ವಿದ್ಯಾರ್ಥಿಗಳಿಗೆ ಮಾರ್ಚ್ ತಿಂಗಳ ಮೂರನೇ ವಾರ ಬಲು ಮುಖ್ಯ. ರೆಸಿಡೆನ್ಸಿ, ಅಂದರೆ ಪದವಿಯ ನಂತರದ ತರಬೇತಿಯ ಸೀಟು ಸಿಕ್ಕಿದೆಯೋ ಇಲ್ಲವೋ ಎಂಬುದಷ್ಟೇ ಸೋಮವಾರ ತಿಳಿಯುತ್ತದೆ. ಯಾವ ಆಸ್ಪತ್ರೆಯಲ್ಲಿ ಎಂದು ಗೊತ್ತಾಗುವುದು ಶುಕ್ರವಾರ. ಅದಕ್ಕೂ ಒಂದೂವರೆ ವರ್ಷ ಮೊದಲೇ ಪ್ರತಿಯೊಬ್ಬ ಅಭ್ಯರ್ಥಿಯೂ ತನ್ನ ಸಾಧ್ಯತೆ ಎಷ್ಟೆಂದು ಅಳೆಯಲು ತೊಡಗಿರುತ್ತಾನೆ. ಎಕ್ಸ್‌ರೇ, ಸಿಟಿ, ಎಂಆರ್‌ಐಗಳನ್ನು ಓದುವ ರೇಡಿಯಾಲಜಿ ವಿಭಾಗದ ಮಟ್ಟಿಗೆ ಈ ಅಳತೆ ಹಲವು ಬಾರಿ ಬದಲಾಗಿದೆ. ಬೆಂಗಳೂರು, ಮೈಸೂರು, ಮಣಿಪಾಲಗಳಲ್ಲಿ ಎಂಬಿಬಿಎಸ್ ಮುಗಿಸಿ ಅಮೆರಿಕಕ್ಕೆ ಅರ್ಜಿ ಹಾಕುವ ನಮ್ಮ ಹುಡುಗ ಹುಡುಗಿಯರೂ ಇದೇ ಅಳತೆಗೆ ಒಳಗಾಗುತ್ತಾರೆ. ಹಾಗಾಗಿ ಅದರ ಚರಿತ್ರೆ ತಿಳಿದಿರುವುದು ಒಳ್ಳೆಯದು.

ಪೈಪೋಟಿ ಪಟ್ಟಿಯಾದದ್ದು

1940ರ ದಶಕದಲ್ಲಿ ಇಂಟರ್ನ್‌ಗಳಿಗಾಗಿ ಆಸ್ಪತ್ರೆಗಳ ನಡುವೆ ಭಾರೀ ಪೈಪೋಟಿ ಇತ್ತು. ಒಂದು ಆಸ್ಪತ್ರೆಗಿಂತ ಇನ್ನೊಂದು ಮುಂಚೆ ಕೆಲಸದ ಕರೆ ಕೊಡುತ್ತಾ ಹೋಗಿ, ಪದವಿಗೆ ಎರಡು ವರ್ಷ ಇರುವಾಗಲೇ ವಿದ್ಯಾರ್ಥಿಗಳನ್ನು ಕಾಯ್ದಿರಿಸುವ ಸ್ಥಿತಿ ಬಂತು. ಕರೆ ಬಂದರೆ ಕೆಲವೇ ಗಂಟೆಗಳಲ್ಲಿ ಉತ್ತರಿಸಬೇಕಿತ್ತು. ಇದಕ್ಕೆ ಕೊನೆ ಹಾಡಲು, ವಿದ್ಯಾರ್ಥಿಗಳ ಮತ್ತು ಆಸ್ಪತ್ರೆಗಳ ಆಯ್ಕೆಪಟ್ಟಿಗಳನ್ನು ಹೊಂದಿಸುವ ‘ಮ್ಯಾಚ್’ ಎಂಬ ಕೇಂದ್ರೀಕೃತ ವ್ಯವಸ್ಥೆಯೊಂದು ರೂಪುಗೊಂಡಿತು. ಅದರ ಮೊದಲ ಸೂತ್ರ ವಿದ್ಯಾರ್ಥಿಗಳಿಗೆ ಅನ್ಯಾಯ ಮಾಡುತ್ತದೆಂದು 1951ರಲ್ಲಿ ವಿದ್ಯಾರ್ಥಿಗಳೇ ಪ್ರತಿಭಟಿಸಿದರು. ಆಗ ಹಾರ್ವರ್ಡ್ ವಿದ್ಯಾರ್ಥಿಯಾಗಿದ್ದು, ಮುಂದೆ ಮಕ್ಕಳ ಶಸ್ತ್ರಚಿಕಿತ್ಸೆಯಲ್ಲಿ ಹೆಸರಾದ ಹಾರ್ಡಿ ಹೆಂಡ್ರೆನ್ ಅವರಲ್ಲಿ ಪ್ರಮುಖ. ಸೂತ್ರ ತಿದ್ದುಪಡಿಯಾಗಿ 1952ರಲ್ಲಿ ಮೊದಲ ಮ್ಯಾಚ್ ನಡೆಯಿತು. ಇಂದು ಅದನ್ನು ನಡೆಸುವ ಸಂಸ್ಥೆ ಎನ್‌ಆರ್‌ಎಂಪಿ.

1962ರಲ್ಲಿ ಡೇವಿಡ್ ಗೇಲ್ ಮತ್ತು ಲಾಯ್ಡ್ ಶ್ಯಾಪ್ಲಿ ಸ್ಥಿರ ಜೋಡಣೆಯ ಗಣಿತವನ್ನು ಪ್ರಕಟಿಸಿದರು. ಮ್ಯಾಚ್ ಅದಾಗಲೇ ಅಂಥದ್ದೇ ಸೂತ್ರದಲ್ಲಿ ನಡೆಯುತ್ತಿದೆ ಎಂದು 1984ರಲ್ಲಿ ಆಲ್ವಿನ್ ರಾತ್ ತೋರಿಸಿದರು. ಅಭ್ಯರ್ಥಿಯ ಆಯ್ಕೆಯಿಂದಲೇ ಆರಂಭವಾಗುವಂತೆ ರಾತ್ ಮತ್ತು ಎಲಿಯಟ್ ಪೆರಾನ್ಸನ್ ಮರುರೂಪಿಸಿದ ಸೂತ್ರ 1998ರ ಮ್ಯಾಚ್‌ನಿಂದ ಬಳಕೆಗೆ ಬಂತು. ರಾತ್ ಮತ್ತು ಶ್ಯಾಪ್ಲಿ 2012ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಹಂಚಿಕೊಂಡರು.

ಸೂತ್ರದ ಕೆಲಸ ಸರಳ. ಒಂದು ಆಸ್ಪತ್ರೆಯಲ್ಲಿ ರೇಡಿಯಾಲಜಿಗೆ ಎರಡು ಸೀಟು ಇವೆ ಎನ್ನೋಣ. ಅದನ್ನು ಮೊದಲ ಆಯ್ಕೆಯಾಗಿ ಬರೆದ ಇಬ್ಬರಿಗೆ ಸೀಟು ತಾತ್ಕಾಲಿಕವಾಗಿ ಸಿಗುತ್ತದೆ. ಆಸ್ಪತ್ರೆ ತನ್ನ ಪಟ್ಟಿಯಲ್ಲಿ ಇನ್ನೂ ಮೇಲೆ ಬರೆದಿರುವ ಮೂರನೆಯವಳು ಆಮೇಲೆ ಅಲ್ಲಿಗೆ ಬಂದರೆ, ಇಬ್ಬರಲ್ಲಿ ಕೆಳಗಿರುವವನು ಜಾಗ ಬಿಡಬೇಕು. ಅವನ ಎರಡನೇ ಆಯ್ಕೆಯನ್ನು ಕಂಪ್ಯೂಟರು ಆಗ ನೋಡುತ್ತದೆ. ಮೊದಲು ಬೇರೆಡೆ ಪ್ರಯತ್ನಿಸಿದ ಎಂಬ ಕಾರಣಕ್ಕೆ ಅಲ್ಲಿ ಅವನು ಏನನ್ನೂ ಕಳೆದುಕೊಳ್ಳುವುದಿಲ್ಲ. ಆದ್ದರಿಂದ ‘ಸಿಗುವುದು ಕಷ್ಟ’ ಎಂದು ಇಷ್ಟದ ಆಸ್ಪತ್ರೆಯನ್ನು ಪಟ್ಟಿಯ ಕೆಳಕ್ಕೆ ತಳ್ಳಿದರೆ ಅಭ್ಯರ್ಥಿಗೆ ನಷ್ಟವೇ ಹೊರತು ಲಾಭವಿಲ್ಲ.

ರೇಡಿಯಾಲಜಿಯ ಏರಿಳಿತ

ವೈದ್ಯರು ಯಾವ ವಿಭಾಗದತ್ತ ಮುಖ ಮಾಡುತ್ತಾರೆ ಎಂಬುದರ ಮೇಲೆ ಉದ್ಯೋಗ ಮಾರುಕಟ್ಟೆಯ ಪ್ರಭಾವ ದೊಡ್ಡದು. 1990ರ ದಶಕದ ನಡುವಿನಲ್ಲಿ ಅಮೆರಿಕದ ವಿಮಾ ಪದ್ಧತಿ ಬದಲಾಗುತ್ತಿತ್ತು. ತಜ್ಞರಿಗೆ ಬೇಡಿಕೆ ಕುಸಿಯುತ್ತದೆಂಬ ಭಯದಲ್ಲಿ ವಿದ್ಯಾರ್ಥಿಗಳು ರೇಡಿಯಾಲಜಿಯಿಂದ ದೂರ ಸರಿದರು. ಆದರೆ ಸಿಟಿ, ಎಂಆರ್‌ಐಗಳ ಬಳಕೆ ಬೆಳೆಯಿತು, ಫಿಲ್ಮ್‌ಗಳ ಜಾಗಕ್ಕೆ ಕಂಪ್ಯೂಟರು ಪರದೆ ಬಂತು, ಹೊಸ ಶತಮಾನದ ಆರಂಭದಲ್ಲಿ ರೇಡಿಯಾಲಜಿಸ್ಟ್‌ಗಳ ಕೊರತೆಯೇ ಕಾಡಿತು. ಸೀಟಿಗೆ ಪೈಪೋಟಿ ಮತ್ತೆ ಏರಿತು. 2008ರ ಆರ್ಥಿಕ ಕುಸಿತದ ನಂತರ ಕೆಲಸಗಳು ವಿರಳವಾದವು, 2010ರ ದಶಕದ ಮಧ್ಯದಲ್ಲಿ ಸೀಟುಗಳು ಖಾಲಿ ಉಳಿದವು.

2016ರಲ್ಲಿ ಕೃತಕ ಬುದ್ಧಿಮತ್ತೆಯ ಹಿರಿಯ ವಿಜ್ಞಾನಿ ಜೆಫ್ರಿ ಹಿಂಟನ್, ರೇಡಿಯಾಲಜಿಸ್ಟ್‌ಗಳಿಗೆ ತರಬೇತಿ ಕೊಡುವುದನ್ನು ನಿಲ್ಲಿಸಬೇಕು ಎಂಬರ್ಥದ ಮಾತಾಡಿದರು. ಯಂತ್ರವೇ ಅವರ ಜಾಗ ತುಂಬುತ್ತದೆಂಬ ಆ ಭವಿಷ್ಯವಾಣಿ ನಿಜವಾಗಲಿಲ್ಲ. ಸ್ಕ್ಯಾನ್‌ಗಳ ಸಂಖ್ಯೆ ಏರುತ್ತಲೇ ಹೋಗಿ ಮತ್ತೆ ತಜ್ಞರ ಕೊರತೆ ಉಂಟಾಯಿತು. 2020ರ ನಂತರ ರೇಡಿಯಾಲಜಿ ಬಯಸುವವರ ಸಾಲು ಉದ್ದವಾಗಿದೆ.

ಅರ್ಜಿ ಏರಿದಷ್ಟು ವೇಗದಲ್ಲಿ ಸೀಟು ಏರುವುದಿಲ್ಲ. ರೆಸಿಡೆಂಟ್‌ಗಳ ತರಬೇತಿಗೆ ಸರ್ಕಾರಿ ವಿಮೆಯಾದ ಮೆಡಿಕೇರ್ ಕೊಡುವ ಹಣಕ್ಕೆ 1997ರ ಕಾಯ್ದೆ ಮಿತಿ ಹಾಕಿತು. ಅದರ ಮೇಲೆ ಸಾವಿರ ಹೊಸ ಸೀಟುಗಳಿಗೆ ಸಂಸತ್ತು ಒಪ್ಪಿದ್ದು 2020ರ ಕೊನೆಯಲ್ಲಿ, ಅದೂ ಎಲ್ಲ ವಿಭಾಗಗಳಿಗೂ ಸೇರಿ. ಹಾಗಾಗಿ ಒಬ್ಬಳೇ ವಿದ್ಯಾರ್ಥಿನಿ, ಅದೇ ಅಂಕ, ಅದೇ ಶಿಫಾರಸು ಪತ್ರ ಇಟ್ಟುಕೊಂಡು 2015ರಲ್ಲಿ ಸುಲಭವಾಗಿ ಗೆದ್ದು 2024ರಲ್ಲಿ ತಡವರಿಸಬಹುದಿತ್ತು. ಐದು ವರ್ಷ ಹಿಂದೆ ಸೀಟು ಪಡೆದ ಸೀನಿಯರ್ ಕೊಡುವ ಸಲಹೆಯನ್ನು ಈ ಎಚ್ಚರದಿಂದಲೇ ಕೇಳಬೇಕು.

ಅಂಕದ ಆಳ್ವಿಕೆ, ಅದರ ಕೊನೆ

ವೈದ್ಯ ಪರವಾನಗಿಗಾಗಿ 1992ರಲ್ಲಿ ಆರಂಭವಾದ ಯುಎಸ್‌ಎಂಎಲ್‌ಇ ಪರೀಕ್ಷೆ ಬರಬರುತ್ತಾ ರೆಸಿಡೆನ್ಸಿ ಆಯ್ಕೆಯ ಜರಡಿಯಾಯಿತು. ಆನ್‌ಲೈನ್ ಅರ್ಜಿ ಬಂದ ಮೇಲೆ ಒಬ್ಬೊಬ್ಬರು ಹತ್ತಾರು ಕಡೆ ಅರ್ಜಿ ಹಾಕತೊಡಗಿದರು. ಎಲ್ಲವನ್ನೂ ಓದಲು ಸಮಯವಿಲ್ಲದ ಆಯ್ಕೆದಾರರು ಈ ಪರೀಕ್ಷೆಯ ಮೊದಲ ಹಂತವಾದ ಸ್ಟೆಪ್ 1ರ ಮೂರಂಕಿಯ ಅಂಕ ನೋಡಿ ಅರ್ಜಿ ಬದಿಗಿಡುವುದು ರೂಢಿಯಾಯಿತು. ಸ್ಪರ್ಧೆ ಹೆಚ್ಚಿದ್ದ ವಿಭಾಗಗಳಲ್ಲಿ ಇದರ ಬಿಸಿ ಜಾಸ್ತಿ. ವಿದ್ಯಾರ್ಥಿಗಳು ಮೊದಲೆರಡು ವರ್ಷ ತರಗತಿ ಬಿಟ್ಟು ಈ ಒಂದೇ ಪರೀಕ್ಷೆಗೆ ಓದಿದರು. ಈ ಅತಿರೇಕಕ್ಕೆ ತಡೆ ಹಾಕಲು 2022ರ ಜನವರಿಯಿಂದ ಸ್ಟೆಪ್ 1 ಬರೀ ಪಾಸ್ ಅಥವಾ ಫೇಲ್ ಎಂದಾಯಿತು.

ಉದ್ದೇಶ ಒಳ್ಳೆಯದಿತ್ತು. ಆದರೆ ಜರಡಿಯ ಅಗತ್ಯ ಹಾಗೇ ಉಳಿದಿದ್ದರಿಂದ ಆ ಭಾರ ಮುಂದಿನ ಹಂತವಾದ ಸ್ಟೆಪ್ 2 ಸಿಕೆಯ ಅಂಕ, ಸಂಶೋಧನಾ ಪ್ರಕಟಣೆಗಳು, ಓದಿದ ಕಾಲೇಜಿನ ಹೆಸರು, ಬಲ್ಲವರ ಪತ್ರ ಇವುಗಳ ಮೇಲೆ ಬಿತ್ತು. ಸಣ್ಣ ಕಾಲೇಜಿನಲ್ಲಿ ಓದಿದರೂ ಅಂಕದ ಬಲದಿಂದ ಮೇಲೆ ಬರುತ್ತಿದ್ದವರು ಒಂದು ಏಣಿ ಕಳೆದುಕೊಂಡರು. ಈ ಸುಧಾರಣೆಯ ಬಗ್ಗೆ ಮಾತಾಡುವಾಗ ಆ ನಷ್ಟವನ್ನು ಮರೆಯಬಾರದು.

ಸಂದರ್ಶನ 2020ರ ಕೋವಿಡ್ ಕಾಲದಲ್ಲಿ ಆನ್‌ಲೈನ್ ಆಯಿತು, ಬಹುಪಾಲು ಕಡೆ ಹಾಗೇ ಉಳಿದಿದೆ. ಪ್ರಯಾಣದ ಖರ್ಚು ಉಳಿದದ್ದರಿಂದ ಅರ್ಜಿಗಳು ಇನ್ನಷ್ಟು ಹೆಚ್ಚಿದವು. ನಿಜವಾಗಿ ಯಾರಿಗೆ ಆಸಕ್ತಿ ಇದೆ ಎಂದು ತಿಳಿಯಲು, ಅರ್ಜಿಯ ಜೊತೆ ಕೆಲವೇ ಆಸ್ಪತ್ರೆಗಳಿಗೆ ವಿಶೇಷ ಆಸಕ್ತಿ ತಿಳಿಸುವ ‘ಸಿಗ್ನಲ್’ ಪದ್ಧತಿ ಬಂತು. ರೇಡಿಯಾಲಜಿಯಲ್ಲಿ ಇತ್ತೀಚೆಗೆ ಒಬ್ಬ ಅಭ್ಯರ್ಥಿಗೆ ಆರು ಚಿನ್ನದ, ಆರು ಬೆಳ್ಳಿಯ ಸಿಗ್ನಲ್‌ಗಳಿವೆ. ಅವನ್ನು ತಲುಪಲಾಗದ ಹೆಸರುಗಳ ಮೇಲೆಯೇ ಖರ್ಚು ಮಾಡಿದರೆ ಸಂದರ್ಶನಗಳು ಕಡಿಮೆಯಾಗುವ ಅಪಾಯವಿದೆ. ಮ್ಯಾಚ್‌ಗೆ ಕೊಡುವ ಅಂತಿಮ ಪಟ್ಟಿಯಲ್ಲಿ ಮನಸ್ಸಿನ ಆಸೆಯನ್ನು ಇದ್ದಂತೆ ಬರೆಯಬೇಕು. ಸಿಗ್ನಲ್ ಕೊಡುವಾಗ ಮಾತ್ರ ತನ್ನ ಬಲಾಬಲ ಅಳೆದುನೋಡಬೇಕು.

ಕೋಷ್ಟಕ ಓದುವ ಬಗೆ

ಯಾವ ವಿಭಾಗದಲ್ಲಿ ಎಂಥವರಿಗೆ ಸೀಟು ಸಿಕ್ಕಿತು ಎಂಬ ವಿವರವನ್ನು ಎನ್‌ಆರ್‌ಎಂಪಿ 2006ರಿಂದ ಆಗಾಗ ಪ್ರಕಟಿಸುತ್ತಿದೆ. ಅಮೆರಿಕದ ಎಂಡಿ (ಅಲ್ಲಿನ ಮೊದಲ ವೈದ್ಯ ಪದವಿ) ವಿದ್ಯಾರ್ಥಿಗಳು, ಡಿಒ (ಆಸ್ಟಿಯೋಪತಿ ವೈದ್ಯ ಪದವಿ) ವಿದ್ಯಾರ್ಥಿಗಳು, ವಿದೇಶಿ ಪದವೀಧರರು ಹೀಗೆ ಗುಂಪು ಗುಂಪಾಗಿ ಅಂಕ, ಪ್ರಕಟಣೆ, ಪಟ್ಟಿಯ ಉದ್ದ ಎಲ್ಲವೂ ಅಲ್ಲಿವೆ. ಓದುವಾಗ ಮೂರು ಎಚ್ಚರ ಬೇಕು.

ಮೊದಲನೆಯದು, ಸೀಟು ಸಿಕ್ಕವರ ಸರಾಸರಿ ಅಂಕ ಪ್ರವೇಶದ ಗೆರೆಯಲ್ಲ. ಅವರಲ್ಲಿ ಸುಮಾರು ಅರ್ಧದಷ್ಟು ಮಂದಿ ಅದಕ್ಕಿಂತ ಕೆಳಗೇ ಇರುತ್ತಾರೆ. ಸರಾಸರಿ ದಾಟಿಯೂ ಸೀಟು ಸಿಗದವರು ಪ್ರತಿವರ್ಷ ಇರುತ್ತಾರೆ. ಎರಡನೆಯದು, ಈ ಲೆಕ್ಕದಲ್ಲಿ ಬರುವುದು ಅಂತಿಮ ಪಟ್ಟಿ ಸಲ್ಲಿಸಿದವರು ಮಾತ್ರ. ಒಂದೂ ಸಂದರ್ಶನ ಸಿಗದೆ ಹಿಂದೆ ಸರಿದವರು ಇದರಲ್ಲಿಲ್ಲ. ಆದ್ದರಿಂದ ಕಾಣುವ ಶೇಕಡಾವಾರು ನಿಜಕ್ಕಿಂತ ಆಶಾದಾಯಕ. ಮೂರನೆಯದು, ಸಾಧ್ಯತೆಯನ್ನು ಎಲ್ಲಕ್ಕಿಂತ ಚೆನ್ನಾಗಿ ಸೂಚಿಸುವುದು ಒಂದೇ ವಿಭಾಗದಲ್ಲಿ ಎಷ್ಟು ಆಸ್ಪತ್ರೆಗಳನ್ನು ಪಟ್ಟಿಯಲ್ಲಿ ಸಾಲಾಗಿ ಬರೆದಿದ್ದೀರಿ ಎಂಬುದು, ಅಂದರೆ ಎಷ್ಟು ಕಡೆ ಸಂದರ್ಶನ ನಡೆಯಿತು ಎಂಬುದು. ಒಂದೆರಡು ಸಂದರ್ಶನಗಳಿರುವವರ ಸ್ಥಿತಿ ಡೋಲಾಯಮಾನ. ಅಮೆರಿಕದ ಎಂಡಿ ವಿದ್ಯಾರ್ಥಿಗೆ ಹತ್ತು ಹನ್ನೆರಡು ಆದಾಗ ಸಾಧ್ಯತೆಯ ರೇಖೆ ತುದಿ ಮುಟ್ಟಿ ಮಟ್ಟಸವಾಗುತ್ತದೆ.

ರೇಡಿಯಾಲಜಿಯಂಥ ಕೆಲವು ವಿಭಾಗಗಳಿಗೆ ಇನ್ನೊಂದು ತೊಡಕೂ ಇದೆ. ನಾಲ್ಕು ವರ್ಷದ ರೇಡಿಯಾಲಜಿಗೆ ಮುನ್ನ ಒಂದು ವರ್ಷ ಮೆಡಿಸಿನ್, ಸರ್ಜರಿ ಅಥವಾ ಮಿಶ್ರ ಇಂಟರ್ನ್‌ಶಿಪ್ ಆಗಬೇಕು. ಬಹಳ ಕಡೆ ಅದರ ಸೀಟು ಬೇರೆ. ಪ್ರತಿ ರೇಡಿಯಾಲಜಿ ಆಯ್ಕೆಗೂ ಇಂಟರ್ನ್‌ಶಿಪ್‌ನ ಪೂರಕ ಪಟ್ಟಿ ಜೋಡಿಸದಿದ್ದರೆ, ರೇಡಿಯಾಲಜಿ ಸಿಕ್ಕಿಯೂ ಮೊದಲ ವರ್ಷಕ್ಕೆ ಜಾಗವಿಲ್ಲದ ಪರಿಸ್ಥಿತಿ ಬರುತ್ತದೆ.

ನಮ್ಮವರ ಪಾಲು

ಒಟ್ಟಾರೆ ಮ್ಯಾಚ್‌ನಲ್ಲಿ ಅಮೆರಿಕದ ಎಂಡಿ ವಿದ್ಯಾರ್ಥಿಗಳ ಪೈಕಿ ಶೇ 93ರಷ್ಟು ಮಂದಿಗೆ ಸೀಟು ಸಿಗುತ್ತದೆ. ಅಮೆರಿಕದ ಪೌರರಲ್ಲದ ವಿದೇಶಿ ಪದವೀಧರರಲ್ಲಿ ಈ ಪ್ರಮಾಣ ಇತ್ತೀಚೆಗೆ ಶೇ 58ರ ಆಸುಪಾಸಿನಲ್ಲಿದೆ. ಅವರಲ್ಲಿ ಹೆಚ್ಚಿನವರು ಇಂಟರ್ನಲ್ ಮೆಡಿಸಿನ್, ಫ್ಯಾಮಿಲಿ ಮೆಡಿಸಿನ್, ಮಕ್ಕಳ ವಿಭಾಗ ಸೇರುತ್ತಾರೆ. ರೇಡಿಯಾಲಜಿ ಪಡೆಯುವವರು ಕೆಲವರು ಮಾತ್ರ. ವೀಸಾ ಕೊಡಿಸದ ಆಸ್ಪತ್ರೆಗಳು ಮೊದಲೇ ಪಟ್ಟಿಯಿಂದ ಬಿದ್ದುಹೋಗುತ್ತವೆ. ಭಾರತದಲ್ಲೇ ರೇಡಿಯಾಲಜಿ ಎಂಡಿ ಮುಗಿಸಿದವರಿಗೆ ಒಂದೇ ಅಮೆರಿಕನ್ ಸಂಸ್ಥೆಯಲ್ಲಿ ನಾಲ್ಕು ವರ್ಷ ತರಬೇತಿ ಪಡೆದು ಅಲ್ಲಿನ ಬೋರ್ಡ್ ಪರೀಕ್ಷೆಗೆ ಕೂರುವ ಪರ್ಯಾಯ ದಾರಿಯೂ ಇದೆ. ಇತ್ತ ನೀಟ್ ಪಿಜಿಯಲ್ಲಿ ಮೊದಲ ಸಾಲಿನ ರ‍್ಯಾಂಕ್ ಪಡೆದವರಲ್ಲಿ ಹಲವರು ಆರಿಸುವುದೂ ರೇಡಿಯಾಲಜಿಯನ್ನೇ. ಎರಡೂ ಕಡೆ ಹಾದಿ ಇಕ್ಕಟ್ಟು.

ಸಾಧ್ಯತೆ ಎಂಬುದು ಒಬ್ಬನ ಯೋಗ್ಯತೆಯ ಮೇಲೆ ಬರೆದ ತೀರ್ಪು ಆಗಿರಲಿಲ್ಲ ಎಂದು ಈ ಏಳು ದಶಕಗಳ ಚರಿತ್ರೆ ಸ್ಪಷ್ಟವಾಗಿ ಹೇಳುತ್ತದೆ. ಆ ವರ್ಷದ ಮಾರುಕಟ್ಟೆ, ಅಭ್ಯರ್ಥಿ ಸೇರಿದ ಗುಂಪು, ಅವನು ಮಾಡಿದ ಯೋಜನೆ ಈ ಮೂರೂ ಸೇರಿ ಅದು ರೂಪುಗೊಳ್ಳುತ್ತದೆ. ಮೊದಲೆರಡು ನಮ್ಮ ಕೈಯಲ್ಲಿಲ್ಲ. ಮೂರನೆಯದು ಪೂರ್ತಿ ನಮ್ಮದು. ಆದ್ದರಿಂದ ಅರ್ಜಿ ಹಾಕುವವರು ತಮ್ಮ ಗುಂಪಿನ ಕೋಷ್ಟಕವನ್ನೇ ನೋಡಲಿ, ಸೆಪ್ಟೆಂಬರ್‌ನ ಅರ್ಜಿಗೆ ಮುನ್ನವೇ ಎರಡನೇ ವಿಭಾಗವೊಂದನ್ನು ಮನಸ್ಸಾರೆ ಯೋಚಿಸಿಡಲಿ. ಸಲಹೆ ಕೊಡುವ ಹಿರಿಯರೂ ತಮ್ಮ ಕಾಲದ ಅನುಭವ ಹೇಳುವ ಮುನ್ನ ಈ ವರ್ಷದ ಅಂಕಿ ಅಂಶಗಳನ್ನು ಒಮ್ಮೆ ತೆರೆದು ನೋಡಲಿ.