ಮುಮ್ಮಡಿಯವರ ಹದಿಮೂರು ಆಟ: ಮೊದಲು ಯಾವುದು?

ಹತ್ತನೇ ತರಗತಿ ಮುಗಿಸಿ ಹೋದ ಹುಡುಗರು ಆಗಾಗ ಪ್ರಶ್ನೆ ಹೊತ್ತು ಬರುತ್ತಾರೆ. ಈ ಸಲ ಬಂದದ್ದು ಪಾಠದ ಪ್ರಶ್ನೆ ಅಲ್ಲ. "ಸಾರ್, ಡಾರ್ಕ್ ಸೋಲ್ಸ್ ಅಂತ ಒಂದು ವಿಡಿಯೋ ಗೇಮ್ ಇದೆ. ತುಂಬಾ ಕಷ್ಟ. ಅದರಲ್ಲೇ ನಾಲ್ಕೈದು ಭಾಗ ಇದೆ. ಮೊದಲು ಯಾವುದು ಆಡಬೇಕು?" ನನಗೆ ಆ ಆಟ ಬರುವುದಿಲ್ಲ. ಆದರೆ ಪ್ರಶ್ನೆ ಚೆನ್ನಾಗಿದೆ ಅನ್ನಿಸಿತು. ಏಕೆಂದರೆ ಇದೇ ಪ್ರಶ್ನೆಯನ್ನು ನಮ್ಮ ಮೈಸೂರಿನ ಒಬ್ಬ ಮಹಾರಾಜರ ಆಟಗಳ ಬಗ್ಗೆಯೂ ಕೇಳಬಹುದು. ಅಲ್ಲಿಯೂ ಆಟಗಳ ಒಂದು ಸರಣಿ ಇದೆ, ದೇವತೆಗಳಿದ್ದಾರೆ, ಆಯುಧಗಳಿವೆ, ಒಂದಕ್ಕಿಂತ ಒಂದು ಕಠಿಣ. ಒಂದೇ ವ್ಯತ್ಯಾಸ... ಇವತ್ತು ಅದನ್ನು ಆಡುವವರು ಸಿಗುವುದಿಲ್ಲ!

ಮುಮ್ಮಡಿ ಕೃಷ್ಣರಾಜ ಒಡೆಯರು ಹುಟ್ಟಿದ್ದು 1794ರಲ್ಲಿ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಐದು ವರ್ಷದ ಮಗುವನ್ನು ಕಂಪನಿಯವರು ಸಿಂಹಾಸನದ ಮೇಲೆ ಕೂರಿಸಿದರು. ಆ ವರ್ಷವನ್ನು ಕೊಯಮತ್ತೂರಿನವರಾದ ನಾವೂ ನೆನಪಿಡಬೇಕು. ಅಲ್ಲಿಯವರೆಗೆ ಈ ಕೊಂಗುನಾಡು ನೂರು ವರ್ಷಕ್ಕೂ ಹೆಚ್ಚು ಕಾಲ ಮೈಸೂರಿನ ಆಳ್ವಿಕೆಯಲ್ಲಿತ್ತು. ಆ ವರ್ಷ ಅದು ಕಂಪನಿಯ ಪಾಲಾಗಿ ಮದರಾಸಿಗೆ ಸೇರಿತು. ಕೊಳ್ಳೇಗಾಲ 1956ರವರೆಗೆ ನಮ್ಮ ಕೊಯಮತ್ತೂರು ಜಿಲ್ಲೆಯ ತಾಲ್ಲೂಕೇ ಆಗಿತ್ತು ಎಂದರೆ ಈಗಿನ ಮಕ್ಕಳು ನಂಬುವುದಿಲ್ಲ. ತಾಳವಾಡಿ 1979ರವರೆಗೆ ಇದೇ ಜಿಲ್ಲೆಯಲ್ಲಿತ್ತು. ಆಮೇಲೆ ಈರೋಡು ಬೇರೆಯಾದಾಗ ಅದೂ ಅತ್ತ ಹೋಯಿತು. ತಿರುಪ್ಪೂರು ಬೇರೆ ಜಿಲ್ಲೆಯಾದದ್ದು 2009ರಲ್ಲಿ. ಗೆರೆಗಳು ಬದಲಾಗುತ್ತಲೇ ಇರುತ್ತವೆ. ಇತ್ತ ದೇವಾಂಗರ ಬೀದಿಗಳಲ್ಲಿ ಮಗ್ಗದ ಸದ್ದಿನ ನಡುವೆ ಮನೆಯ ಮಾತು ಕನ್ನಡವಾಗಿಯೇ ಉಳಿದು, ಬರಹ ಮಾತ್ರ ತಮಿಳಾಯಿತು.

ಇರಲಿ, ಮಹಾರಾಜರ ವಿಷಯಕ್ಕೆ ಬರೋಣ. 1831ರಲ್ಲಿ, ನಗರದ ರೈತರ ದಂಗೆಯ ನೆಪದಲ್ಲಿ, ಕಂಪನಿಯವರು ಅವರ ಕೈಯಿಂದ ಆಡಳಿತ ಕಿತ್ತುಕೊಂಡರು. ಆಡಳಿತವನ್ನು ಮತ್ತೆ ಕಾಣದೆ 1868ರಲ್ಲಿ ಅವರು ತೀರಿಕೊಂಡರು. ಮೂವತ್ತೇಳು ವರ್ಷ ಬಿರುದು ಇತ್ತು, ಅರಮನೆ ಇತ್ತು, ರಾಜ್ಯವಾಳುವ ಕೆಲಸ ಮಾತ್ರ ಇರಲಿಲ್ಲ. "ಕೆಲಸವಿಲ್ಲದ ದೊರೆ ಆಟ ಆಡಿಕೊಂಡು ಕೂತ" ಎಂದು ಕೆಲವರು ಹಗುರವಾಗಿ ಮಾತಾಡುತ್ತಾರೆ. ನಾನು ಇದನ್ನು ಒಪ್ಪುವುದಿಲ್ಲ. ಅವರ ಆಶ್ರಯದಲ್ಲಿ ಸಿದ್ಧವಾದ 'ಶ್ರೀತತ್ತ್ವನಿಧಿ' ಎಂಬ ಮಹಾಗ್ರಂಥವನ್ನು ನೋಡಿ. ಶಕ್ತಿನಿಧಿ, ವಿಷ್ಣುನಿಧಿ, ಶಿವನಿಧಿ ಎಂದು ಒಂಬತ್ತು ನಿಧಿಗಳು. ಯಾವ ದೇವತೆಗೆ ಎಷ್ಟು ಕೈ, ಯಾವ ಬಣ್ಣ, ಯಾವ ಆಯುಧ ಎಂದು ಚಿತ್ರಸಮೇತ ಬರೆಸಿದ್ದಾರೆ. ಒಂಬತ್ತನೆಯದು ಕೌತುಕನಿಧಿ. ಆಟಗಳು ಬರುವುದು ಅದರಲ್ಲಿ. ಅದೇ ನಿಧಿಯಲ್ಲಿ 122 ಯೋಗಾಸನಗಳ ಚಿತ್ರಗಳೂ ಇವೆ. 1996ರಲ್ಲಿ ನಾರ್ಮನ್ ಶೋಮನ್ ಎಂಬ ವಿದ್ವಾಂಸರು ಅವನ್ನು ಪುಸ್ತಕವಾಗಿ ಪ್ರಕಟಿಸಿದ ಮೇಲೆ ಯೋಗದ ಇತಿಹಾಸ ಓದುವವರೆಲ್ಲ ಆ ಚಿತ್ರಗಳನ್ನು ನೋಡಿದರು. ಒಂದೇ ಕಟ್ಟಿನ ಪುಟಗಳು ನೋಡಿ, ಆಸನಗಳು ಲೋಕವೆಲ್ಲ ಸುತ್ತಿದವು, ಎಲೆಗಳು ಪುಟದಲ್ಲೇ ಉಳಿದವು.

ರಾಜರು ಆಟದ ಬಗ್ಗೆ ಶಾಸ್ತ್ರ ಬರೆಸುವುದು ಕನ್ನಡನಾಡಿಗೆ ಹೊಸದಲ್ಲ. ಹನ್ನೆರಡನೇ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ಮೂರನೇ ಸೋಮೇಶ್ವರ 'ಮಾನಸೋಲ್ಲಾಸ'ದ ನೂರು ಅಧ್ಯಾಯಗಳಲ್ಲಿ ಇಪ್ಪತ್ತನ್ನು ಕ್ರೀಡೆಗೇ ಮೀಸಲಿಟ್ಟ. ಆ ಸಾಲಿನಲ್ಲಿ ಮುಮ್ಮಡಿಯವರನ್ನು ಇಟ್ಟು ನೋಡಿದರೆ ನ್ಯಾಯ.

ಈಗ ಗಂಜೀಫಾ ಎಂದರೇನು ಎಂದು ಹೇಳಬೇಕು. ನಮ್ಮ ಇಸ್ಪೀಟಿನ ಹಾಗೆ ಎಲೆಗಳ ಆಟ, ಹೆಚ್ಚಾಗಿ ದುಂಡು ಎಲೆ. ಪರ್ಷಿಯಾ ಕಡೆಯಿಂದ ಬಂದದ್ದು. ಬಾಬರ್ 1527ರಲ್ಲಿ ಸಿಂಧ್‌ನಲ್ಲಿದ್ದ ಗೆಳೆಯ ಶಾ ಹಸನ್‌ಗೆ ಗಂಜೀಫಾ ಕಳಿಸಿಕೊಟ್ಟ ಎಂದು ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ. ಮೊಗಲರ ಆಟದಲ್ಲಿ ಎಂಟು ಬಣ್ಣ, ಬಣ್ಣಕ್ಕೆ ಹನ್ನೆರಡು ಎಲೆ, ಒಟ್ಟು 96. (ಬಣ್ಣ ಎಂದರೆ ಇಸ್ಪೀಟು, ಆಟೀನು, ಡೈಮಂಡು, ಕಳಾವರ್ ಇದ್ದ ಹಾಗೆ ಒಂದು ಪಂಗಡ.) ನಮ್ಮವರು ಆ ಎಂಟು ಬಣ್ಣ ತೆಗೆದು ವಿಷ್ಣುವಿನ ಹತ್ತು ಅವತಾರ ಕೂರಿಸಿದರು. ಹತ್ತು ಹನ್ನೆರಡಲಿ 120. ಪ್ರತಿ ಅವತಾರಕ್ಕೂ ಒಬ್ಬ ರಾಜ, ಒಬ್ಬ ಮಂತ್ರಿ, ಒಂದರಿಂದ ಹತ್ತರವರೆಗೆ ಎಲೆಗಳು. ಮತ್ಸ್ಯಕ್ಕೆ ಮೀನು, ಕೂರ್ಮಕ್ಕೆ ಆಮೆ, ಪರಶುರಾಮನಿಗೆ ಕೊಡಲಿ. ಅಕ್ಷರ ಬಾರದವನೂ ಎಣಿಸಿ ಆಡಬಹುದು. ಒಂಬತ್ತು ಗ್ರಹದ ನವಗ್ರಹ ಗಂಜೀಫಾಕ್ಕೆ 108, ಹನ್ನೆರಡು ರಾಶಿಯ ಕಟ್ಟಿಗೆ 144. ಹನ್ನೆರಡರ ಮಗ್ಗಿ ಕಲಿಸಲು ಇದಕ್ಕಿಂತ ಒಳ್ಳೆಯ ಸಾಮಗ್ರಿ ನಾನು ಕಂಡಿಲ್ಲ!

ಅರಮನೆಗೆ ದಂತದ ಮೇಲೆ, ಆಮೆಚಿಪ್ಪಿನ ಮೇಲೆ ಬರೆದ ಎಲೆ, ಪೇಟೆಯ ಜನಕ್ಕೆ ಬಟ್ಟೆಯನ್ನೋ ಕಾಗದವನ್ನೋ ಅಂಟಿಸಿ ಗಟ್ಟಿ ಮಾಡಿದ ಎಲೆ. ಆಟ ಮಾತ್ರ ಎರಡೂ ಕಡೆ ಒಂದೇ.

ಮುಮ್ಮಡಿಯವರು ಇಲ್ಲಿಗೆ ನಿಲ್ಲಲಿಲ್ಲ. ಅವರು ಹದಿಮೂರು ಹೊಸ ಆಟ ಕಟ್ಟಿದರು. ಅವಕ್ಕೆ 'ಛದ' ಎಂದು ಹೆಸರು. ಸಂಸ್ಕೃತದಲ್ಲಿ ಛದ ಎಂದರೆ ಎಲೆಯೇ. 36 ಎಲೆಯ ಪುಟ್ಟ ಆಟದಿಂದ 360 ಎಲೆಯ ದೊಡ್ಡ ಆಟದವರೆಗೆ ಸರಣಿ ಬೆಳೆಯುತ್ತದೆ. ಬಣ್ಣಗಳು ಹದಿನೆಂಟರವರೆಗೆ ಹೋಗುತ್ತವೆ. ಸಾಮಾನ್ಯವಾಗಿ ಬಣ್ಣಕ್ಕೆ ಹನ್ನೆರಡು ಅಂಕಿ ಎಲೆ, ಆರು ಚಿತ್ರದ ಎಲೆ, ಅಂದರೆ ರಾಜ-ಮಂತ್ರಿ ಇಬ್ಬರೇ ಅಲ್ಲ, ಇನ್ನೂ ನಾಲ್ವರು. ಅದರ ಮೇಲೆ ಯಾವಾಗಲೂ ತುರುಫಾಗಿಯೇ ಇರುವ ಎಲೆಗಳು, ಯಾವ ಎಲೆಯ ಜಾಗಕ್ಕಾದರೂ ನಿಲ್ಲುವ ಎಲೆಗಳು ಬೇರೆ. ಚಾಮುಂಡೇಶ್ವರಿ ಛದದಲ್ಲಿ ಹದಿನಾರು ಬಣ್ಣ, 320 ಎಲೆ. ನಾಲ್ಕು ಜನ ಕೂತು ಎಲ್ಲವನ್ನೂ ಹಂಚಿಕೊಂಡರೂ ಒಬ್ಬೊಬ್ಬರ ಕೈಗೆ 80 ಎಲೆ. ಹಿಡಿಯುವುದು ಹೇಗೆ ಎಂದು ನನಗೆ ಇನ್ನೂ ಆಶ್ಚರ್ಯ.

ಇದನ್ನೆಲ್ಲ ಅರಮನೆಯ ಆಪ್ತರಷ್ಟೇ ಆಡಿರಬೇಕು ಎನ್ನುತ್ತಾರೆ. ಹೊರಗೆ ಹರಡಲಿಲ್ಲ. ಮುಂಬೈಯಲ್ಲಿದ್ದ ಕಲಾವಿಮರ್ಶಕ ರೂಡಿ ಫಾನ್ ಲೇಡನ್ ಗಂಜೀಫಾ ಹಿಂದೆ ಬಿದ್ದು, ಎಲೆಗಳನ್ನು ಸಂಗ್ರಹಿಸಿ, 1982ರಲ್ಲಿ ಪುಸ್ತಕ ತಂದರು. ಮೈಸೂರಿನಲ್ಲಿ ರಘುಪತಿ ಭಟ್ಟರು ಎಲೆ ಬರೆಯುವ ಕಲೆಗೆ ಮತ್ತೆ ಜೀವ ಕೊಟ್ಟರು. ಮೈಸೂರು ಗಂಜೀಫಾಕ್ಕೆ ಭೌಗೋಳಿಕ ಸೂಚಿಯೂ ಸಿಕ್ಕಿತು. ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನದವರು ಹಳೆಯ ಮಣೆ ಆಟಗಳನ್ನು ಮತ್ತೆ ಮಾಡಿಸಿ 'ಕ್ರೀಡಾ ಕೌಶಲ್ಯ' ಎಂದು ಪ್ರದರ್ಶನ ಇಟ್ಟರು. ಚಿತ್ರ ಉಳಿಯಿತು, ಗೋಡೆಗೆ ತೂಗು ಹಾಕುವ ಕಲೆಯಾಗಿ ಉಳಿಯಿತು. ಆಟ?

ಹಾಗಾದರೆ ಹೊಸಬ ಎಲ್ಲಿಂದ ಶುರು ಮಾಡಬೇಕು? ತಕ್ಷಣಕ್ಕೆ ತೋಚುವ ಉತ್ತರ: 36 ಎಲೆಯ ಚಿಕ್ಕ ಛದದಿಂದ. ಚಿಕ್ಕದು ಅಲ್ಲವೇ, ಸುಲಭವಾಗಿರಬೇಕು. ನಾನು ಬೇಡ ಎನ್ನುತ್ತೇನೆ. ಮಹಾರಾಜರು ಈ ಆಟಗಳನ್ನು ಕಟ್ಟಿದ್ದು ಗಂಜೀಫಾ ಆಗಲೇ ಬಲ್ಲವರಿಗಾಗಿ. ರಾಜ-ಮಂತ್ರಿಯ ಕ್ರಮ ಗೊತ್ತಿದೆ, ಹೋದ ಎಲೆಯನ್ನು ನೆನಪಿಟ್ಟುಕೊಳ್ಳುವ ಅಭ್ಯಾಸ ಇದೆ ಎಂದು ಇಟ್ಟುಕೊಂಡೇ ಅವರು ಮೇಲಿನ ಅಂತಸ್ತು ಎತ್ತಿದ್ದಾರೆ. ಎಲೆ ಕಡಿಮೆಯಾದ ಮಾತ್ರಕ್ಕೆ ಮೆಟ್ಟಿಲು ಕೆಳಗಿನದು ಆಗುವುದಿಲ್ಲ. ಮೂರು ಸಾಲಿನ ವಚನ ಮುನ್ನೂರು ಪುಟದ ಕಾದಂಬರಿಗಿಂತ ಕಷ್ಟವಾಗಬಹುದು ಎಂಬುದು ಕನ್ನಡ ಮೇಷ್ಟರುಗಳಿಗೆಲ್ಲ ಗೊತ್ತು.

ಎರಡನೆಯ ಕಾರಣ ಇನ್ನೂ ದೊಡ್ಡದು. ಛದ ಆಡುವವರನ್ನು ನೋಡಿ ಕಲಿಯಲು ಒಂದು ಜಗಲಿಯೂ ಇಲ್ಲ. ದಶಾವತಾರದ ಆಟಕ್ಕೆ ಮಾತ್ರ ಇನ್ನೂ ಉಸಿರಿದೆ. ಮಹಾರಾಷ್ಟ್ರದ ಸಾವಂತವಾಡಿಯ ಅರಮನೆಯಲ್ಲಿ ಎಲೆ ಬರೆಯುತ್ತಾರೆ. ಒಡಿಶಾದ ಊರುಗಳಲ್ಲಿ ಮುದುಕರು ಗಂಜಪ ಎಂದು ಕರೆದು ಆಡುತ್ತಾರೆ. ಬಂಗಾಳದ ಬಿಷ್ಣುಪುರದ ಎಲೆಗಳಲ್ಲಿ ಬುದ್ಧನ ಜಾಗದಲ್ಲಿ ಜಗನ್ನಾಥ ಕೂತಿದ್ದಾನೆ. ಎಲ್ಲಿ ಕಲಿಸುವ ಕೈ ಇದೆಯೋ ಅದೇ ಮೊದಲ ಮೆಟ್ಟಿಲು. ನಮ್ಮ ಶಾಲೆಗಳಿಗೂ ಇದು ತಟ್ಟುವ ಮಾತು. ಒಂದನೇ ತರಗತಿಗೆ ಕನ್ನಡ ಕಲಿಸುವವರು ಇಲ್ಲದ ಊರಿನಲ್ಲಿ ಹತ್ತನೇ ತರಗತಿಗೆ ಎಷ್ಟು ಒಳ್ಳೆಯ ಪುಸ್ತಕ ಅಚ್ಚು ಹಾಕಿಸಿದರೂ ಅದು ಕೌತುಕನಿಧಿಯ ಪುಟದ ಹಾಗೆಯೇ. ಚಂದ ಇರುತ್ತದೆ, ಆಡುವವರು ಇರುವುದಿಲ್ಲ. 2006ರಲ್ಲಿ ತಮಿಳು ಕಲಿಕೆ ಕಡ್ಡಾಯ ಮಾಡುವ ಕಾನೂನು ಬಂದಾಗಿನಿಂದ ನಮ್ಮ ಸಭೆಗಳಲ್ಲಿ ಮಾತೆಲ್ಲ ಹತ್ತನೆಯ ಪರೀಕ್ಷೆಯ ಸುತ್ತಲೇ ನಡೆದಿದೆ. ಆ ಮಾತು ಬೇಕು, ಬೇಡ ಎನ್ನುವುದಿಲ್ಲ. ಆದರೆ ಒಂದನೆಯ ಬೆಂಚಿನಲ್ಲಿ ಎಷ್ಟು ಮಕ್ಕಳು ಕೂತಿದ್ದಾರೆ ಎಂದು ಎಣಿಸುವವರು ಕಡಿಮೆ.

ಹುಡುಗನ ಡಾರ್ಕ್ ಸೋಲ್ಸ್ ಬಗ್ಗೆಯೂ ಸ್ವಲ್ಪ ಓದಿದೆ. ಜಪಾನಿನ ಫ್ರಮ್‌ಸಾಫ್ಟ್‌ವೇರ್ ಎಂಬ ಕಂಪನಿಯದು. ಮೊದಲು 2009ರಲ್ಲಿ ಡೀಮನ್ಸ್ ಸೋಲ್ಸ್, 2011ರಲ್ಲಿ ಡಾರ್ಕ್ ಸೋಲ್ಸ್, ಎರಡನೆಯದು 2014, ಮೂರನೆಯದು 2016, ಅದೇ ಜಾತಿಯ ಎಲ್ಡನ್ ರಿಂಗ್ 2022. ಬಂದ ಕ್ರಮದಲ್ಲೇ ಆಡಬೇಕು ಎನ್ನುವವರು ಒಂದು ಗುಂಪು, ಹೊಸದು ಹೊಸಬರಿಗೆ ಸಲೀಸು ಎನ್ನುವವರು ಇನ್ನೊಂದು ಗುಂಪು. ನನಗೆ ಹಿಡಿಸಿದ್ದು ಅದನ್ನು ಕಟ್ಟಿದ ಹಿದೆತಾಕ ಮಿಯಾಝಾಕಿ ಎಂಬುವರ ಬಾಲ್ಯದ ಸಂಗತಿ. ಬಡತನದ ಮನೆ, ಗ್ರಂಥಾಲಯದಿಂದ ತಂದ ಪುಸ್ತಕಗಳು ವಯಸ್ಸಿಗೆ ಮೀರಿದವು. ಅರ್ಥವಾಗದ ಕಡೆಯಲ್ಲೆಲ್ಲ ಚಿತ್ರ ನೋಡಿ ಕಥೆಯನ್ನು ತಾನೇ ತುಂಬಿಕೊಳ್ಳುತ್ತಿದ್ದರಂತೆ. ಅವರ ಆಟಗಳಲ್ಲಿ ಕಥೆ ಅರ್ಧಂಬರ್ಧ ಸಿಗುವುದಕ್ಕೆ ಇದೇ ಮೂಲ ಎನ್ನುತ್ತಾರೆ. ಮನೆಯಲ್ಲಿ ಒಂದು ನುಡಿ, ಬೀದಿಯಲ್ಲಿ ಇನ್ನೊಂದು, ಪುಸ್ತಕದಲ್ಲಿ ಮತ್ತೊಂದು ಇರುವ ನಮ್ಮ ಮಕ್ಕಳು ದಿನಾ ಮಾಡುವುದು ಇದನ್ನೇ ಅಲ್ಲವೇ! ಹುಡುಗನಿಗೆ ಹೇಳಿದೆ: ಯಾವ ಭಾಗವನ್ನು ಆಡಿ ಬಲ್ಲ ಗೆಳೆಯ ನಿನ್ನ ಪಕ್ಕ ಕೂರುತ್ತಾನೋ ಅದನ್ನು ಮೊದಲು ಆಡು. ಕಂಪ್ಯೂಟರ್ ತಾಳಬೇಕು ಅಷ್ಟೇ ಎಂದು ನಕ್ಕ.

ದಶಾವತಾರಕ್ಕೂ ಮೊದಲು ಒಂದು ಮೆಟ್ಟಿಲು ನಮ್ಮ ಮನೆಗಳಲ್ಲೇ ಇದೆ. ಅಳಿಗುಳಿ ಮಣೆ, ಚೌಕಾಬಾರ, ಆಡು-ಹುಲಿ. ಪಕ್ಕದ ಮನೆಯ ತಮಿಳರು ಇವನ್ನೇ ಪಲ್ಲಾಂಗುಳಿ, ತಾಯಂ, ಆಡುಪುಲಿ ಎನ್ನುತ್ತಾರೆ. ಮಣೆ ಒಂದೇ, ಜಗಳ ಇಲ್ಲ. ಅಳಿಗುಳಿಯಲ್ಲಿ ಎಣಿಕೆ ಬರುತ್ತದೆ, ಆಡು-ಹುಲಿಯಲ್ಲಿ ಮುಂದಾಲೋಚನೆ ಬರುತ್ತದೆ. ಗಂಜೀಫಾಕ್ಕೆ ಬೇಕಾದ ಮೂರನೆಯದು ನೆನಪು, ಅದನ್ನು ಎಲೆಯೇ ಕಲಿಸಬೇಕು.

ಶಾಲೆಯಲ್ಲಿ ಮಾಡಿ ನೋಡುವವರಿಗೆ ನನ್ನ ಸಲಹೆ. ಹಳೆಯ ಮದುವೆ ಕಾರ್ಡುಗಳನ್ನು ಕೂಡಿಸಿ, ಬಳೆ ಇಟ್ಟು ಗೆರೆ ಎಳೆದು ದುಂಡಗೆ ಕತ್ತರಿಸಿ. ಹತ್ತು ಅವತಾರ ಒಮ್ಮೆಗೇ ಬೇಡ. ಮೊದಲ ಐದರಲ್ಲಿ ಮೂರು, ಕೊನೆಯ ಐದರಲ್ಲಿ ಮೂರು ಆರಿಸಿ, ರಾಮ ಮತ್ತು ಕೃಷ್ಣ ಇರಲೇಬೇಕು. ಆರು ಹನ್ನೆರಡಲಿ 72, ಮೂರು ಮಕ್ಕಳಿಗೆ 24ರಂತೆ ಸಮ. ಪೂರ್ತಿ ಕಟ್ಟಿಗೆ ಬಂದಾಗ ತಲಾ 40. ಅರ್ಧ ಬಣ್ಣಗಳಲ್ಲಿ ಮಂತ್ರಿಯ ಕೆಳಗೆ ಹತ್ತು ದೊಡ್ಡದು, ಒಂದು ಚಿಕ್ಕದು. ಉಳಿದರ್ಧದಲ್ಲಿ ತಲೆಕೆಳಗು, ಒಂದೇ ದೊಡ್ಡದು, ಹತ್ತು ಕಡೆಯದು. ಮಕ್ಕಳು ಎಡವುವುದು ಇಲ್ಲೇ. ಯಾವ ಮೂರು ನೇರ, ಯಾವ ಮೂರು ತಿರುಗು ಎಂದು ಮೊದಲೇ ಕಪ್ಪುಹಲಗೆಯ ಮೇಲೆ ಬರೆದಿಡಿ. ಗಂಜೀಫಾದಲ್ಲಿ ತುರುಫು ಇಲ್ಲ, ಇಳಿದ ಬಣ್ಣದಲ್ಲಿ ದೊಡ್ಡ ಎಲೆ ಹಾಕಿದವನಿಗೆ ಆ ಸುತ್ತು. ಹೋದ ಎಲೆ ಯಾವುದು ಎಂದು ಯಾರೂ ಬರೆದುಕೊಳ್ಳುವಂತಿಲ್ಲ.

ಬೇಸಗೆ ರಜೆಯಲ್ಲಿ ದಿಂಬಂ ಘಟ್ಟದ 27 ತಿರುವು ಹತ್ತಿ ಚಾಮರಾಜನಗರದ ಮೇಲೆ ಮೈಸೂರಿಗೆ ಪ್ರವಾಸ ಹೋಗುವ ಶಾಲೆಗಳು ದೊಡ್ಡ ಅರಮನೆ ನೋಡಿ ಮೃಗಾಲಯಕ್ಕೆ ಓಡದೆ, ಜಗನ್ಮೋಹನ ಅರಮನೆಯ ಮೇಲಂತಸ್ತಿಗೂ ಹತ್ತಿ. 1861ರ ಕಟ್ಟಡ, ಮುಮ್ಮಡಿಯವರೇ ಕಟ್ಟಿಸಿದ್ದು. ಅಲ್ಲಿನ ರಂಗಮಹಲಿನ ಗೋಡೆಯ ಮೇಲೆ ಅವರ ಮಣೆ ಆಟಗಳನ್ನು ಬರೆಸಿದ್ದಾರೆ. ಮಕ್ಕಳ ಕೈಯಲ್ಲಿ ಚೌಕದ ಕಾಗದ ಇದ್ದರೆ ನೋಡಿ ಬರೆದುಕೊಳ್ಳಬಹುದು.

ಆಟ ಶುರು ಮಾಡುವವರು ಯಾರು ಎಂದು ಮಕ್ಕಳು ಕೇಳುತ್ತಾರೆ. ಅದಕ್ಕೆ ಹಳೆಯ ನಿಯಮ ಇದೆ. ಹಗಲಾದರೆ ರಾಮನ ರಾಜ ಯಾರ ಕೈಯಲ್ಲಿದೆಯೋ ಅವರು, ರಾತ್ರಿಯಾದರೆ ಕೃಷ್ಣ ಇರುವವರು. ಶಾಲೆ ಹಗಲಲ್ಲೇ ನಡೆಯುವುದರಿಂದ ನಮಗೆ ಯಾವಾಗಲೂ ರಾಮನೇ. ಎಲೆ ಬಲಕ್ಕೆ ಸುತ್ತಬೇಕು, ಅಂದರೆ ಗಡಿಯಾರದ ಮುಳ್ಳಿಗೆ ಎದುರಾಗಿ.