ಸ್ವರದ ಮನೆಗಳಿಗೆ ಬನಾತು ಹಾಸಿದವರು

1842ರಲ್ಲಿ ಉತ್ತರ ಕನ್ನಡದಿಂದ ಹೊರಟು ಘಟ್ಟವನ್ನೇರಿ ಸಾಂಗಲಿಯನ್ನು ಸೇರಿದ ಯಕ್ಷಗಾನ ಭಾಗವತರ ಮೇಳವೊಂದು ಅಲ್ಲಿನ ಅಧಿಪತಿ ಚಿಂತಾಮಣರಾವ್ ಪಟವರ್ಧನರ ಸಮ್ಮುಖದಲ್ಲಿ ಆಟವಾಡಿದುದೂ, ಅದರಿಂದ ಪ್ರೇರಿತರಾದ ವಿಷ್ಣುದಾಸ ಭಾವೆಯವರು ಮರುವರ್ಷವೇ ಸೀತಾಸ್ವಯಂವರವನ್ನು ರಂಗಕ್ಕೇರಿಸಿ ಮರಾಠೀ ರಂಗಭೂಮಿಗೆ ನಾಂದಿ ಹಾಡಿದುದೂ ನಾಟಕದ ಚರಿತ್ರೆಯನ್ನು ಬಲ್ಲವರಿಗೆ ವಿದಿತವಾದ ಸಂಗತಿ. ಆ ಮೇಳವು ಹೊನ್ನಾವರದ ಸಮೀಪದ ಕರ್ಕಿಯದೆಂಬುದು ನಮ್ಮ ವಿದ್ವಾಂಸರಲ್ಲಿ ಪ್ರಚಲಿತವಾಗಿರುವ ಅಭಿಪ್ರಾಯ. ಸರಿಸುಮಾರು ಅದೇ ಕಾಲದಲ್ಲಿ ದೂರದ ಪ್ಯಾರಿಸ್ ನಗರದಲ್ಲಿ ಅಲೆಕ್ಸಾಂಡ್ರ್ ದೆಬೆಂ ಎಂಬ ವಾದ್ಯಶಿಲ್ಪಿಯು, ಗಾಳಿಯ ಒತ್ತಡಕ್ಕೆ ಕಂಪಿಸುವ ಹಿತ್ತಾಳೆಯ ನಾಲಗೆಗಳನ್ನು ಪೆಟ್ಟಿಗೆಯೊಳಗೆ ಸಾಲಾಗಿ ಜೋಡಿಸಿ, ಹಾರ್ಮೋನಿಯಂ ಎಂಬ ನಾಮಧೇಯವನ್ನಿತ್ತು, ಅದರ ನಿರ್ಮಾಣದ ಹಕ್ಕನ್ನು ಪಡೆದುಕೊಂಡನು. ಈ ಎರಡು ಘಟನೆಗಳಿಗೆ ಪರಸ್ಪರ ಸಂಬಂಧವೇನೂ ಇರಲಿಲ್ಲವಾದರೂ ಕೆಲವು ದಶಕಗಳೊಳಗಾಗಿ ಅವೆರಡೂ ನಮ್ಮ ಕಡಲತಡಿಯಲ್ಲಿಯೇ ಸಂಧಿಸಿದುವು. ಕನ್ನಡನಾಡಿನ ಗುರ್ಲಹೊಸೂರಿನಲ್ಲಿ ಜನಿಸಿದ ಅಣ್ಣಾಸಾಹೇಬ ಕಿರ್ಲೋಸ್ಕರರು 1880ರಲ್ಲಿ ಸಂಗೀತ ಶಾಕುಂತಲವನ್ನು ಆಡಿಸಿದ ತರುವಾಯ ಮರಾಠೀ ರಂಗಭೂಮಿ ಗಾನಪ್ರಧಾನವಾಯಿತು. ಆ ಗಾನಕ್ಕೆ ಹಾರ್ಮೋನಿಯಂ ಪೆಟ್ಟಿಗೆಯೇ ಆಧಾರವಾಯಿತು. ಇಲ್ಲಿಂದ ಹೋಗಿದ್ದ ಆಟವು ಸಂಗೀತನಾಟಕವಾಗಿ ಬೆಳೆದು, ಪೆಟ್ಟಿಗೆಯನ್ನು ಮುಂದಿಟ್ಟುಕೊಂಡು, ತನ್ನ ತವರಿಗೆ ಮರಳಿತು.

ಮರಳುವ ಹಾದಿಯೂ ಆ ವೇಳೆಗೆ ಸುಗಮವಾಗಿದ್ದಿತು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸು ಆಧಿಪತ್ಯದಿಂದ ಬೇರ್ಪಡಿಸಿ ಮುಂಬಯಿಗೆ ಸೇರಿಸಿದಂದಿನಿಂದ ಜಿಲ್ಲೆಯ ಕಚೇರಿ, ವ್ಯಾಪಾರ, ವಿದ್ಯೆಗಳೆಲ್ಲ ಉತ್ತರಾಭಿಮುಖವಾದುವು. ಧಾರವಾಡದ ಸೀಮೆಯ ಹತ್ತಿ ಘಟ್ಟವನ್ನಿಳಿದು ಕುಮಟೆಯ ಬಂದರಿನಿಂದ ಹಡಗನ್ನೇರುತ್ತಿದ್ದುದರಿಂದ ಆ ಹತ್ತಿಗೆ ಲಿವರ್‌ಪೂಲಿನ ಮಾರುಕಟ್ಟೆಯಲ್ಲಿಯೂ ಕುಮಟೆಯ ಹೆಸರೇ ನಿಂತಿತು. ಮುಂಬಯಿಯಿಂದ ಮರಳುವ ಮಚವೆಗಳೂ ಆವಿಯ ಹಡಗುಗಳೂ ಅಲ್ಲಿನ ಅಂಗಡಿಗಳ ಸರಕನ್ನು ಕುಮಟೆ, ಹೊನ್ನಾವರ, ಭಟಕಳಗಳಿಗೆ ತರುತ್ತಿದ್ದುವು. ಕಾಲಿನಿಂದ ತುಳಿದು ನುಡಿಸುವ ಭಾರವಾದ ಯುರೋಪಿನ ವಾದ್ಯವನ್ನು, ನೆಲದ ಮೇಲೆ ಕುಳಿತು ಒಂದು ಕೈಯಿಂದ ತಿದಿಯೊತ್ತುತ್ತ ಇನ್ನೊಂದರಿಂದ ನುಡಿಸುವಂತೆ ಪರಿವರ್ತಿಸಿದ ಕೀರ್ತಿ ಕಲಕತ್ತೆಯ ದ್ವಾರಕಾನಾಥ ಘೋಷರಿಗೆ ಸಲ್ಲುತ್ತದೆ. ಹತ್ತೊಂಬತ್ತನೆಯ ಶತಮಾನದ ಅಂತ್ಯಪಾದದಲ್ಲಿ ನಡೆದ ಈ ಮಾರ್ಪಾಟಿನಿಂದಲೇ ಅದು ಗೃಹಸ್ಥರ ಜಗಲಿಗೂ ದೇವಾಲಯದ ಪೌಳಿಗೂ ಸಲ್ಲುವ ವಾದ್ಯವಾಯಿತು. ಹಗಲಿರುಳೆನ್ನದೆ ಏಳು ದಿನಗಳ ಕಾಲ ಎಡೆಬಿಡದೆ ಸಾಗುವ, ಗೌಡ ಸಾರಸ್ವತರ ದೇವಾಲಯಗಳ ಭಜನಾ ಸಪ್ತಾಹಕ್ಕೆ ಅದಕ್ಕಿಂತ ಅನುಕೂಲವಾದ ಒಡನಾಡಿ ಬೇರೊಂದಿರಲಿಲ್ಲ.

ಆದರೆ ಬಂದ ಪೆಟ್ಟಿಗೆಯು ಬಂದ ರೂಪದಲ್ಲಿಯೇ ಇಲ್ಲಿ ಬಾಳುವಂತಿರಲಿಲ್ಲ. ನಾನು ಈ ಪ್ರಬಂಧದಲ್ಲಿ ಹೇಳಬೇಕೆಂದಿರುವುದು ಅದನ್ನು ಬಾಳಿಸಿದ ಕೈಗಳ ವಿಷಯವನ್ನು. ಅದಕ್ಕಾಗಿ ವಾದ್ಯದ ಒಳರಚನೆಯನ್ನು ಸ್ವಲ್ಪ ವಿವರಿಸುವುದು ಅವಶ್ಯ. ಬಿಳಿಯ ಮನೆ, ಕರಿಯ ಮನೆ ಎನ್ನುವ ಒಂದೊಂದು ಪಟ್ಟಿಯೂ ಒಂದು ಸನ್ನೆ. ಬೆರಳು ಮುಂತುದಿಯನ್ನು ಅದುಮಿದಾಗ ಹಿಂತುದಿ ಮೇಲೆದ್ದು, ಅದರಡಿಗೆ ಅಂಟಿಸಿದ ಮೆದುದೊಗಲಿನ ಮುಚ್ಚಳವು ತೂತನ್ನು ತೆರೆಯುವುದರಿಂದ, ತಿದಿಯ ಗಾಳಿಯು ರೀಡನ್ನು, ಎಂದರೆ ಹಿತ್ತಾಳೆಯ ನಾಲಗೆಯನ್ನು, ನಡುಗಿಸುತ್ತ ಹೊರಬೀಳುತ್ತದೆ; ಬೆರಳನ್ನೆತ್ತಿದೊಡನೆ ತಂತಿಯ ಸ್ಪ್ರಿಂಗು ಮನೆಯನ್ನು ಯಥಾಸ್ಥಾನಕ್ಕೆ ಮರಳಿಸುತ್ತದೆ. ಈ ಏರಿಳಿತದಲ್ಲಿ ಸ್ವರದ ಜೊತೆಗೆ ಸದ್ದೂ ಹುಟ್ಟುವುದು ಅನಿವಾರ್ಯ: ಮನೆಯ ಮುಂತುದಿ ಕೆಳಗಿನ ಹಲಗೆಗೆ ಬಡಿಯುತ್ತದೆ, ಮುಚ್ಚಳವು ತೂತಿನ ಮೇಲೆ ಅಪ್ಪಳಿಸುತ್ತದೆ, ಸವೆದ ಮನೆಯಾದರೆ ಪಕ್ಕದ ಮನೆಗೆ ತಾಗಿ ಅಲುಗಾಡುತ್ತದೆ. ನಾಟಕದ ಗದ್ದಲದಲ್ಲಿ ಇದು ಕೇಳಿಸದು. ಹತ್ತು ಜನ ಸುತ್ತ ಕುಳಿತು ಆಲಿಸುವ ಬೈಠಕ್ಕಿನಲ್ಲಿ, ಗಾಯಕನು ವಿಲಂಬಿತ ಲಯದಲ್ಲಿ ಒಂದು ಸ್ವರದ ಮೇಲೆ ಉಸಿರನ್ನು ನಿಲ್ಲಿಸಿರುವಾಗ, ಈ ಮರದ ಟಕಟಕವು ರಸಭಂಗವನ್ನೇ ಮಾಡುತ್ತದೆ.

ಅದಕ್ಕೆ ಪರಿಹಾರವಾಗಿ ಬಂದುದು ಬನಾತು. ಮನೆಗಳು ಬಂದು ಬೀಳುವೆಡೆಯಲ್ಲಿ ಉಣ್ಣೆಯ ದಪ್ಪ ಬನಾತಿನ ಪಟ್ಟಿಯನ್ನು ಹಾಸಿದರೆ ಬಡಿತ ಅಡಗುತ್ತದೆ; ಮುಚ್ಚಳದ ತೊಗಲಿನ ಹಿಂದೆಯೂ ಬನಾತಿನ ಪದರವಿದ್ದರೆ ಅಪ್ಪಳಿಕೆ ಮೆತ್ತಗಾಗುತ್ತದೆ. ಕೇಳುವುದಕ್ಕೆ ಸುಲಭವಾದರೂ ಇದು ಸೂಕ್ಷ್ಮ ವಿವೇಚನೆಯನ್ನು ಬೇಡುವ ಕೆಲಸ. ಬನಾತು ಒಂದೆಳೆ ಹೆಚ್ಚು ದಪ್ಪವಾದರೆ ಮನೆ ಆಳಕ್ಕಿಳಿಯದು, ತೂತು ಪೂರ್ಣವಾಗಿ ತೆರೆಯದು, ಗಾಳಿ ಸಾಲದೆ ಸ್ವರ ಕುಗ್ಗಿ ಶ್ರುತಿಯೂ ತುಸು ಕೆಳಗಿಳಿಯುತ್ತದೆ. ಸದ್ದನ್ನು ಅಡಗಿಸಹೋಗಿ ನಾದವನ್ನೇ ಅಡಗಿಸಿದಂತಾಗುತ್ತದೆ. ಸ್ಪ್ರಿಂಗಿನ ವಿಷಯವೂ ಹಾಗೆಯೇ. ದ್ರುತದ ತಾನುಗಳಿಗೆ ಮನೆ ಹಗುರವಾಗಿರಬೇಕೆಂದು ಸ್ಪ್ರಿಂಗನ್ನು ಸಡಿಲಿಸಿದರೆ, ಮುಚ್ಚಳ ಬಿಗಿಯಾಗಿ ಕೂರದೆ, ಯಾರೂ ಮುಟ್ಟದ ಸ್ವರವು ತಾನಾಗಿ ಕೂಗತೊಡಗುತ್ತದೆ.

ನಮ್ಮ ಕರಾವಳಿಯಲ್ಲಿ ಈ ಕೆಲಸ ಒಮ್ಮೆ ಮಾಡಿ ಮುಗಿಯುವಂಥದೂ ಅಲ್ಲ. ವರ್ಷಕ್ಕೆ 3000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ, ಬೇಸಗೆಯಲ್ಲಿಯೂ ಉಪ್ಪಿನ ಗಾಳಿ ಬೀಸುವ ಈ ಊರುಗಳಲ್ಲಿ ಆಷಾಢ ಶ್ರಾವಣಗಳು ಬಂದುವೆಂದರೆ ಮರ ಉಬ್ಬಿ ಮನೆಗಳು ಒಂದಕ್ಕೊಂದು ಸಿಲುಕುತ್ತವೆ. ತಿದಿಯ ತೊಗಲಿಗೆ ಬೂಷ್ಟು ಹಿಡಿಯುತ್ತದೆ. ಹಿತ್ತಾಳೆಯ ರೀಡುಗಳ ಮೇಲೆ ಹಸುರು ಕಿಲುಬು ಕಟ್ಟಿ ಸ್ವರ ಬದಲಾಗುತ್ತದೆ. ಬನಾತನ್ನು ನುಸಿ ತಿನ್ನುತ್ತದೆ. ಆದುದರಿಂದ ಮಳೆಗಾಲ ಕಳೆದು ನವರಾತ್ರಿಯ ಭಜನೆಗೆ ಮುನ್ನ ಪೆಟ್ಟಿಗೆಯನ್ನು ಬಿಚ್ಚುವುದು ಅನೇಕ ಕಡೆ ಅನಿವಾರ್ಯ ವಿಧಿಯಾಯಿತು. ಬಿಚ್ಚಿದವನು ಮನೆಗಳ ಪಕ್ಕಗಳನ್ನು ಉಜ್ಜುಕಾಗದದಿಂದ ಸವರುತ್ತಾನೆ. ರೀಡಿನ ತುದಿಯನ್ನು ಎಳೆಯಷ್ಟು ಕೆರೆದು ಸ್ವರವನ್ನು ಏರಿಸುತ್ತಾನೆ, ಬುಡವನ್ನು ಕೆರೆದು ಇಳಿಸುತ್ತಾನೆ. ಪೂರ್ತಿ ಕೆಟ್ಟುದಕ್ಕೆ ಸೌರಾಷ್ಟ್ರದ ಪಾಲೀತಾಣಾದಲ್ಲಿ ತಯಾರಾದ ಹೊಸ ರೀಡನ್ನು, ಮಂದ್ರದ ಖರಜವೋ ಮಧ್ಯದ ನರವೋ ತಾರದ ಮಾದಾವೋ ಎಂಬುದನ್ನು ನೋಡಿ, ಕೂರಿಸುತ್ತಾನೆ. ಬಿಳಿಯ ಮನೆಗಳ ಮೇಲ್ಹೊದಿಕೆ ಹಳೆಯ ವಾದ್ಯಗಳಲ್ಲಿ ದಂತದ್ದು, ಅನಂತರದವುಗಳಲ್ಲಿ ಸೆಲ್ಯುಲಾಯ್ಡಿನದು, ಈಚಿನವುಗಳಲ್ಲಿ ಪ್ಲಾಸ್ಟಿಕ್ಕಿನದು. ಹಳದಿಗಟ್ಟಿ ಮುರುಟಿದ ಸೆಲ್ಯುಲಾಯ್ಡನ್ನು ಎಬ್ಬಿಸಿ, ಹಳೆಯ ಅಂಟನ್ನು ಕೆರೆದು, ಮರವನ್ನು ಸಮಗೊಳಿಸಿ, ಹೊಸ ಬಿಲ್ಲೆಯನ್ನು ಕೂರಿಸಿ ಅಂಚನ್ನು ದುಂಡಗೆ ಉಜ್ಜದಿದ್ದರೆ ವೇಗದ ನುಡಿಸಾಣಿಕೆಯಲ್ಲಿ ಬೆರಳು ಸಿಕ್ಕಿಬೀಳುತ್ತದೆ. ದಂತದಲ್ಲಿಯೂ ಗಂಧದ ಮರದಲ್ಲಿಯೂ ಕುಸುರಿ ಕೆತ್ತುವ ಗುಡಿಗಾರರನ್ನು ಪಡೆದಿದ್ದ ಜಿಲ್ಲೆಗೆ ಇಂಥ ನಯಗಾರಿಕೆ ಅಪರಿಚಿತವಾಗಿರಲಿಲ್ಲ.

ಯಕ್ಷಗಾನವು ಈ ಪೆಟ್ಟಿಗೆಯನ್ನು ಸ್ವೀಕರಿಸಿದ ರೀತಿಯು ನನಗೆ ಎಲ್ಲಕ್ಕಿಂತ ಹೆಚ್ಚು ಅರ್ಥಪೂರ್ಣವಾಗಿ ತೋರುತ್ತದೆ. ಮೊದಲು ಭಾಗವತರಿಗೆ ಶ್ರುತಿ ಕೊಡುತ್ತಿದ್ದುದು ಸೋರೆಬುರುಡೆಯ ಪುಂಗಿ. ಇರುಳಿಡೀ ಅದನ್ನು ಊದುವುದು ದೇಹಶ್ರಮದ ಕೆಲಸ. ಬೇರೆ ಬೇರೆ ಕಂಠಗಳಿಗೆ ಅದರ ಶ್ರುತಿಯನ್ನು ಹೊಂದಿಸುವುದೂ ಸುಲಭಸಾಧ್ಯವಲ್ಲ. ಹಾರ್ಮೋನಿಯಂ ಬಂದಾಗ ಮೇಳಗಳು ಅದರ ಮೂರು ಸಪ್ತಕಗಳ ವೈಭವಕ್ಕೆ ಮರುಳಾಗದೆ, ಶ್ರುತಿಗೆ ಬೇಕಾದ ಸ್ವರಗಳನ್ನಷ್ಟೆ ಅದರಿಂದ ಪಡೆದು, ಮಿಕ್ಕ ಮನೆಗಳನ್ನು ಮೌನವಾಗಿರಿಸಿದುವು. ಅದುಮಿದ ಮನೆ ಮೇಲೇಳದಂತೆ ಸಂದಿಗೆ ಬೆಂಕಿಕಡ್ಡಿಯನ್ನೋ ಮಡಿಸಿದ ಕಾಗದವನ್ನೋ ಸಿಕ್ಕಿಸಿ, ತಿದಿಯನ್ನು ಮಾತ್ರ ಒತ್ತುತ್ತ ಕುಳಿತುದೂ ಉಂಟು. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಹೊನ್ನಾವರ ತಾಲ್ಲೂಕಿನ ಗುಣವಂತೆಯಲ್ಲಿ ಇಡಗುಂಜಿ ಮೇಳವನ್ನು ಕಟ್ಟಿ ಬಡಗುತಿಟ್ಟಿನ ಆಟಕ್ಕೆ ಹೊಸ ಗೌರವವನ್ನು ತಂದ ಕಾಲದಿಂದ ಈಚೆಗೆ ಆಟದ ಉಳಿದ ಅಂಗಗಳೆಷ್ಟೋ ಬದಲಾದರೂ, ಹಿಮ್ಮೇಳದಲ್ಲಿ ಹಾಡಿನ ಎಳೆಯನ್ನು ಹಿಡಿಯುವ ಅಧಿಕಾರವನ್ನು ಪೆಟ್ಟಿಗೆಗೆ ಕೊಡಲಿಲ್ಲ. ಶಿವರಾಮ ಕಾರಂತರು ತಮ್ಮ ಪ್ರಯೋಗಗಳಲ್ಲಿ ಪಿಟೀಲನ್ನೂ ಸ್ಯಾಕ್ಸೊಫೋನನ್ನೂ ತಂದಾಗ ಎದ್ದ ಚರ್ಚೆಯನ್ನು ನೆನೆದರೆ, ಪೆಟ್ಟಿಗೆಯು ಅಷ್ಟು ನಿಶ್ಶಬ್ದವಾಗಿ ಒಳಸೇರಿದುದಕ್ಕೆ ಈ ಸಂಯಮವೇ ಕಾರಣವೆಂದು ನಾನು ಭಾವಿಸುತ್ತೇನೆ. ಆದರೂ ಅದರ ಮುದ್ರೆ ಬೇರೊಂದೆಡೆ ಬಿದ್ದಿದೆ: ಇಂದಿಗೂ ಭಾಗವತರ ಶ್ರುತಿಯನ್ನು ಕೇಳಿದರೆ "ಕಪ್ಪು ಎರಡು", "ಬಿಳಿ ನಾಲ್ಕು" ಎಂದೇ ಉತ್ತರ ಬರುತ್ತದೆ, ಮದ್ದಲೆಗಾರನು ತನ್ನ ಮದ್ದಲೆಗಳನ್ನು ಆರಿಸುವುದೂ ಆ ಲೆಕ್ಕದಿಂದಲೇ.

ವಾದ್ಯದ ಮೇಲೆ ಬಂದ ದೊಡ್ಡ ಆಕ್ಷೇಪವು ಟಕಟಕದ್ದಲ್ಲ, ಸ್ವರಸ್ಥಾನದ್ದು. ಸಪ್ತಕವನ್ನು ಸಮಾನವಾದ ಹನ್ನೆರಡು ಪಾಲು ಮಾಡಿದ ಮನೆಗಳಲ್ಲಿ ನಮ್ಮ ರಾಗಗಳ ಶ್ರುತಿಭೇದಗಳಾಗಲಿ ಸ್ವರದಿಂದ ಸ್ವರಕ್ಕೆ ಜಾರುವ ಮೀಂಡಾಗಲಿ ನಿಲುಕವೆಂಬುದು ಸತ್ಯವೇ. ಸಾಂಗಲಿಯ ಕೃಷ್ಣಾಜಿ ಬಲ್ಲಾಳ ದೇವಲರೂ, ಮುಂಬಯಿ ಆಧಿಪತ್ಯದಲ್ಲಿ ನ್ಯಾಯಾಧೀಶರಾಗಿದ್ದ ಕ್ಲೆಮೆಂಟ್ಸ್ ಎಂಬ ಆಂಗ್ಲ ಅಧಿಕಾರಿಯೂ ಕೂಡಿ ಇಪ್ಪತ್ತೆರಡು ಶ್ರುತಿಗಳ ಹಾರ್ಮೋನಿಯಮ್ಮನ್ನು ಮಾಡಿಸಿದುದು ಈ ನ್ಯೂನತೆಯನ್ನು ನೀಗುವ ಹಿರಿಯ ಸಾಹಸ. ಬಳಕೆಯಲ್ಲಿ ಅದು ಬೇರೂರಲಿಲ್ಲ. ತಾರುಣ್ಯದಲ್ಲಿ ನಮ್ಮ ಕಾರವಾರದ ಕಡಲತಡಿಯಲ್ಲಿ, ಜಿಲ್ಲಾ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಯಲ್ಲಿ ತಂಗಿದ್ದ ರವೀಂದ್ರನಾಥ ಠಾಕೂರರು ವೃದ್ಧಾಪ್ಯದಲ್ಲಿ ಈ ವಾದ್ಯವನ್ನು ಆಕಾಶವಾಣಿಯಿಂದ ದೂರವಿಡಬೇಕೆಂದು ಬರೆದರು. 1940ರಲ್ಲಿ ನಿಷೇಧವೂ ಬಂದಿತು. 1950ರಲ್ಲಿ ಧಾರವಾಡ ಆಕಾಶವಾಣಿ ಆರಂಭವಾದಾಗಲೂ ಅದು ಜಾರಿಯಲ್ಲಿದ್ದಿತು; ಸಡಿಲವಾದುದು 1971ರಲ್ಲಿ. ಆ ಮೂರು ದಶಕಗಳಲ್ಲಿ ಬೆಳಗಾವಿಯ ರಾಮಭಾವು ಬಿಜಾಪುರೆಯವರಂಥ ನಿಷ್ಠಾವಂತರು ಬೈಠಕ್ಕುಗಳಲ್ಲಿ ಅದನ್ನು ಉಳಿಸಿದರು. ಅವರ ಬೆರಳುಗಳಡಿಯಲ್ಲಿ ಪೆಟ್ಟಿಗೆ ಹಾಡಿದುದನ್ನು ಕೇಳಿದವರು ನಿಷೇಧವನ್ನು ನ್ಯಾಯವೆಂದು ಒಪ್ಪಲಾರರು.

ಇಂದು ನಮ್ಮ ತರುಣರು ಗಣಕಯಂತ್ರದ ಮೆಕ್ಯಾನಿಕಲ್ ಕೀಬೋರ್ಡಿನ ಕೀಕ್ಯಾಪುಗಳನ್ನು ಕಿತ್ತು ಮನಸ್ಸಿಗೊಪ್ಪುವ ಹೊಸವನ್ನು ಹಾಕಿ, ತಳಕ್ಕೆ ಫೋಮ್ ಹಾಸಿ, ಒತ್ತಿನ ಸದ್ದನ್ನು ತಮ್ಮ ಕಿವಿಗೆ ಹಿತವಾಗುವಂತೆ ಹದಗೊಳಿಸುವುದನ್ನು ಕಂಡಾಗ, ಬನಾತಿನ ದಪ್ಪವನ್ನು ಬೆರಳಿನಿಂದ ಅಳೆಯುತ್ತಿದ್ದವರ ಆಸ್ಥೆಯೇ ಅಲ್ಲಿಯೂ ಕೆಲಸ ಮಾಡುತ್ತಿದೆಯೆಂದು ನನಗೆ ಸಂತೋಷವಾಗುತ್ತದೆ. ಆದರೆ ಹಿಂದಿನವರ ವಿದ್ಯೆಯನ್ನು ಬರೆದಿಟ್ಟವರಿಲ್ಲ. ವಿದ್ಯುತ್ತಿನ ಶ್ರುತಿಪೆಟ್ಟಿಗೆ ಬಂದ ಮೇಲೆ ಹಳೆಯ ಹಾರ್ಮೋನಿಯಮ್ಮುಗಳು ಅಟ್ಟವನ್ನೇರಿವೆ. ರಿಪೇರಿ ಮಾಡಿದವನು ತನ್ನ ಹೆಸರನ್ನೂ ತಾರೀಖನ್ನೂ ಪೆಟ್ಟಿಗೆಯ ಒಳಮೈಯಲ್ಲಿ ಪೆನ್ಸಿಲಿನಿಂದ ಗುರುತಿಸಿಡುವ ರೂಢಿ ಕುಶಲಕರ್ಮಿಗಳಲ್ಲಿ ಉಂಟು. ಭಟಕಳ, ಹೊನ್ನಾವರ, ಕುಮಟೆಗಳಲ್ಲಿ ಅಂಥ ಪೆಟ್ಟಿಗೆಯನ್ನು ಉಳ್ಳವರು ಅದನ್ನು ಗುಜರಿಗೆ ಹಾಕುವ ಮುನ್ನ ಬಲ್ಲವರಿಂದ ಒಮ್ಮೆ ಬಿಚ್ಚಿಸಿ, ಒಳಗೆ ಬರಹವೇನಾದರೂ ಇದ್ದರೆ ಪ್ರತಿಮಾಡಿಕೊಂಡು, ಊರಿನ ಗ್ರಂಥಾಲಯಕ್ಕೋ ಶಾಲೆಗೋ ಒಪ್ಪಿಸಬೇಕೆಂದು ಕೇಳಿಕೊಳ್ಳುತ್ತೇನೆ.